ಇದ್ದಿಲು ಒಲೆಯಲ್ಲಿ ಕುರಿಮಾಂಸಕ್ಕೆ ಹೊಗೆ ಹಾಕುವ ಸರಿಯಾದ ಕ್ರಮ

ಬಳ್ಳಾರಿ ಸೀಮೆಯಲ್ಲಿ ಕುರಿ ಸಾಕಣೆ ಇಂದು ನಿನ್ನೆಯದಲ್ಲ. ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಗುಡ್ಡದಲ್ಲಿ 1946ರಲ್ಲಿ ಡಾ. ಬಿ. ಸುಬ್ಬರಾವ್ ಅವರು ಉತ್ಖನನ ನಡೆಸಿದರು. ಅಲ್ಲಿಯೂ, ಆಮೇಲಿನ ಅಗೆತಗಳಲ್ಲಿಯೂ ಹೊಸ ಶಿಲಾಯುಗದ ಜನರ ಕಲ್ಲಿನ ಕೊಡಲಿಗಳ ಜೊತೆಗೆ ದನ, ಕುರಿ, ಆಡುಗಳ ಮೂಳೆಗಳು ದೊರೆತಿವೆ. ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಈ ನೆಲದ ಜನ ಕುರಿ ಸಾಕಿದ್ದರು, ಅದರ ಮಾಂಸವನ್ನು ಬೆಂಕಿಯಲ್ಲಿ ಬೇಯಿಸಿ ತಿಂದಿದ್ದರು. ಇಂದಿಗೂ ಕಪ್ಪು ಭೂಮಿಯ ಜೋಳ, ಹತ್ತಿ, ಮೆಣಸಿನಕಾಯಿಯ ಜೊತೆಗೆ ಕುರಿಹಿಂಡು ಇಲ್ಲಿನ ಅನೇಕ ಕುಟುಂಬಗಳ ಆಸರೆ. ಬಳ್ಳಾರಿ ಕುರಿ ಎಂಬ ತಳಿಯೇ ಈ ಸೀಮೆಯ ಹೆಸರಿನಲ್ಲಿದೆ.

ಹಬ್ಬ, ಜಾತ್ರೆ, ಮದುವೆಗಳಲ್ಲಿ ಮರಿ ಕಡಿದಾಗ ಅರ್ಧ ಮಾಂಸ ಅಂದೇ ಸಾರಿಗೆ ಹೋಗುತ್ತದೆ. ಉಳಿದದ್ದನ್ನು ಉಪ್ಪು, ಅರಿಸಿನ ಹಚ್ಚಿ ಹಗ್ಗಕ್ಕೆ ಪೋಣಿಸಿ ಒಣಗಿಸುವುದು ಹಳೆಯ ಪದ್ಧತಿ. ಈಚೆಗೆ ಮುಚ್ಚಳವಿರುವ ದುಂಡನೆಯ ಇದ್ದಿಲು ಒಲೆಗಳು ನಮ್ಮ ಪಟ್ಟಣಗಳಲ್ಲೂ ಮಾರಾಟಕ್ಕೆ ಬಂದಿವೆ. ಇವುಗಳಿಗೆ ಕೆಟಲ್ ಗ್ರಿಲ್ ಎಂದು ಹೆಸರು. ಡ್ರಮ್ಮು ಸೀಳಿಸಿ ಇಂತಹುದೇ ಒಲೆ ಮಾಡಿಸಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಮಾಂಸವನ್ನು ನಿಧಾನವಾಗಿ ಹೊಗೆಯಲ್ಲಿ ಬೇಯಿಸಬಹುದು. ಬಲಿತ ಕುರಿಯ ಗಟ್ಟಿ ಮಾಂಸವೂ ಮೆತ್ತಗಾಗಿ ರುಚಿ ಪಡೆಯುತ್ತದೆ.

ಆದರೆ ಕ್ರಮ ತಿಳಿಯದೆ ಮಾಡಿದರೆ ಮೂರು ಕೆಡುಕುಗಳುಂಟು. ಮಾಂಸ ಕಹಿಯಾಗಿ ಹಾಳಾಗಬಹುದು. ಹೊರಗೆ ಕರಿದಾಗಿ ಒಳಗೆ ಹಸಿಯಾಗಿ ಉಳಿದು, ತಿಂದವರಿಗೆ ವಾಂತಿ ಭೇದಿಯಾಗಬಹುದು. ಎಲ್ಲಕ್ಕಿಂತ ಅಪಾಯಕಾರಿಯೆಂದರೆ, "ಹೊಗೆ ಹಾಕಿದ್ದೇವೆ, ಇನ್ನು ಕೆಡುವುದಿಲ್ಲ" ಎಂಬ ತಪ್ಪು ನಂಬಿಕೆಯಿಂದ ಅದನ್ನು ಎರಡು ಮೂರು ದಿನ ಹೊರಗೆ ಇಟ್ಟು ತಿನ್ನುವುದು. ಆದ್ದರಿಂದ ಸರಿಯಾದ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಒಲೆಯ ರಚನೆ

ಈ ಒಲೆಯನ್ನು ಮೊದಲು ರೂಪಿಸಿದವರು ಅಮೆರಿಕದ ಜಾರ್ಜ್ ಸ್ಟೀಫನ್. ಅವರು ಷಿಕಾಗೊ ಬಳಿಯ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಗಳು ಅಲ್ಲಿ ತಯಾರಾಗುತ್ತಿದ್ದವು. 1952ರಲ್ಲಿ ಅವರು ಅಂತಹ ಬುರುಡೆಯೊಂದನ್ನು ಎರಡು ಹೋಳು ಮಾಡಿ, ಕೆಳಹೋಳನ್ನು ಒಲೆಯನ್ನಾಗಿಯೂ ಮೇಲುಹೋಳನ್ನು ಮುಚ್ಚಳವನ್ನಾಗಿಯೂ ಬಳಸಿದರು. ತೆರೆದ ಒಲೆಯಲ್ಲಿ ಗಾಳಿ ಬೀಸಿದಾಗ ಬೆಂಕಿ ಕೈಮೀರುತ್ತಿತ್ತು, ಮಳೆ ಬಂದರೆ ಆರುತ್ತಿತ್ತು. ಮುಚ್ಚಳವಿದ್ದ ಮೇಲೆ ಬೆಂಕಿ ಹಿಡಿತಕ್ಕೆ ಬಂತು.

ಒಲೆಯಲ್ಲಿ ಮುಖ್ಯವಾಗಿ ಐದು ಭಾಗಗಳಿರುತ್ತವೆ: (1) ತಳದ ಗಾಳಿಕಿಂಡಿ, (2) ಇದ್ದಿಲು ಇಡುವ ಕೆಳಜಾಲರಿ, (3) ಮಾಂಸ ಇಡುವ ಮೇಲುಜಾಲರಿ, (4) ಮುಚ್ಚಳ, (5) ಮುಚ್ಚಳದ ಮೇಲಿನ ಹೊಗೆಕಿಂಡಿ. ಮನೆಬಳಕೆಗೆ 57 ಸೆಂ.ಮೀ. ಅಡ್ಡಳತೆಯ ಒಲೆ ಸಾಕಾಗುತ್ತದೆ. ಇದರಲ್ಲಿ ಒಮ್ಮೆಗೆ ಸುಮಾರು 3 ಕಿ.ಗ್ರಾಂ. ಮಾಂಸ ಬೇಯಿಸಬಹುದು.

ಒಲೆಯ ಗುಟ್ಟೆಲ್ಲ ಗಾಳಿಯಲ್ಲಿದೆ. ತಳದ ಕಿಂಡಿಯಿಂದ ಗಾಳಿ ಒಳಗೆ ಬರುತ್ತದೆ, ಕೆಂಡವನ್ನು ಉರಿಸುತ್ತದೆ, ಬಿಸಿಯಾಗಿ ಮೇಲೇರಿ ಮಾಂಸವನ್ನು ಹಾದು ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ಗಾಳಿ ಹೆಚ್ಚಾದರೆ ಶಾಖ ಹೆಚ್ಚು, ಗಾಳಿ ಕಡಿಮೆಯಾದರೆ ಶಾಖ ಕಡಿಮೆ. ಕಾಲುವೆಗೆ ತೂಬು ಹೇಗೋ ಈ ಒಲೆಗೆ ತಳದ ಕಿಂಡಿ ಹಾಗೆ. ಇದ್ದಿಲು ಎಷ್ಟೇ ಇರಲಿ, ಎಷ್ಟು ಉರಿಯಬೇಕೆಂಬುದನ್ನು ಆ ಕಿಂಡಿಯೇ ನಿರ್ಧರಿಸುತ್ತದೆ.

ಡ್ರಮ್ಮಿನಿಂದ ಒಲೆ ಮಾಡಿಸುವವರಿಗೆ ಎಚ್ಚರಿಕೆ

ಕೀಟನಾಶಕ, ಕಳೆನಾಶಕ ಅಥವಾ ಯಾವುದೇ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಬಳಸಲೇಬಾರದು. ಎಷ್ಟು ತೊಳೆದರೂ ಅದು ಅಡಿಗೆಗೆ ಯೋಗ್ಯವಾಗುವುದಿಲ್ಲ. ಡೀಸೆಲ್, ಥಿನ್ನರ್ ತುಂಬಿದ್ದ ಡ್ರಮ್ಮಿಗೆ ವೆಲ್ಡಿಂಗ್ ಬೆಂಕಿ ತಾಗಿದರೆ ಒಳಗೆ ಉಳಿದ ಆವಿ ಸಿಡಿದು ಪ್ರಾಣಕ್ಕೆ ಅಪಾಯವಾಗುತ್ತದೆ. ಅಡಿಗೆ ಎಣ್ಣೆ ತುಂಬಿದ್ದ ಡ್ರಮ್ಮು ಅಥವಾ ಹೊಸ ಕಬ್ಬಿಣದ ತಗಡು ಉತ್ತಮ. ಸತುವಿನ ಲೇಪವಿರುವ ತಗಡು, ಬಕೀಟು, ಜಾಲರಿಗಳನ್ನು ಒಲೆಯೊಳಗೆ ಬಳಸಬಾರದು. ಕೆಂಡದ ಶಾಖಕ್ಕೆ ಸತುವಿನ ವಿಷಹೊಗೆ ಹೊರಡುತ್ತದೆ. ಡ್ರಮ್ಮಿನ ಒಳಬಣ್ಣವನ್ನು ಮೊದಲೇ ಜೋರಾಗಿ ಉರಿಹಾಕಿ ಸುಟ್ಟು, ತಂತಿ ಬ್ರಷ್ಷಿನಿಂದ ಕೆರೆದು, ಆಮೇಲೆ ಅಡಿಗೆಗೆ ತೆಗೆದುಕೊಳ್ಳಬೇಕು.

ಒಲೆ ಇಡುವ ಜಾಗ

ಒಲೆಯನ್ನು ಬಯಲಿನಲ್ಲಿ ಸಮತಟ್ಟಾದ ನೆಲದ ಮೇಲೆ ಇಡಬೇಕು. ಮೇವಿನ ಬಣವೆ, ಹತ್ತಿಕಟ್ಟಿಗೆಯ ರಾಶಿ, ಗುಡಿಸಲು, ಕೊಟ್ಟಿಗೆಗಳಿಂದ ದೂರವಿರಬೇಕು. ಆಷಾಢದ ಗಾಳಿಯಲ್ಲಿ ಒಂದು ಕಿಡಿ ಸಾಕು, ವರ್ಷದ ಮೇವು ಬೂದಿಯಾಗುತ್ತದೆ. ಒಂದು ಕೊಡ ನೀರು, ಒಂದು ಬುಟ್ಟಿ ಮರಳು ಹತ್ತಿರದಲ್ಲೇ ಇರಲಿ.

ಮನೆಯೊಳಗೆ, ಮುಚ್ಚಿದ ಪಡಸಾಲೆಯಲ್ಲಿ ಅಥವಾ ಶೆಡ್ಡಿನಲ್ಲಿ ಈ ಒಲೆ ಉರಿಸಲೇಬಾರದು. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರು ನಿದ್ದೆಯಲ್ಲೇ ಸಾಯಬಹುದು. ಅಡಿಗೆ ಮುಗಿದ ಮೇಲೆ ಉಳಿದ ಕೆಂಡವನ್ನು ಚಳಿಗೆಂದು ಮನೆಯೊಳಗೆ ತರುವುದೂ ಇಷ್ಟೇ ಅಪಾಯ.

ಇದ್ದಿಲು ಮತ್ತು ಕಟ್ಟಿಗೆಯ ಆಯ್ಕೆ

ಈ ವಿಷಯದಲ್ಲಿ ನಮ್ಮ ರೈತರು ಅದೃಷ್ಟವಂತರು. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಬೀಳುಭೂಮಿಯಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿಯೇ ಇದಕ್ಕೆ ಬೇಕಾದ ಮರ. ಇದು ನಮ್ಮ ದೇಶದ ಗಿಡವಲ್ಲ. ಅಮೆರಿಕ ಖಂಡದ ಬೆಚ್ಚಗಿನ ನಾಡುಗಳಿಂದ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂದದ್ದು. ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಜಾಲಿಯನ್ನು ಅಮೆರಿಕದ ಟೆಕ್ಸಾಸಿನಲ್ಲಿ ಮೆಸ್ಕೀಟ್ ಎಂದು ಕರೆಯುತ್ತಾರೆ. ಅಲ್ಲಿ ಮಾಂಸ ಸುಡಲು, ಹೊಗೆ ಹಾಕಲು ಅದನ್ನು ಹಣಕೊಟ್ಟು ಕೊಳ್ಳುತ್ತಾರೆ. ನಾವು ಕಳೆಯೆಂದು ಕಿತ್ತೊಗೆಯುವ ಗಿಡದ ಜಾತಿಗೆ ಅಲ್ಲಿ ಅಂತಹ ಬೆಲೆಯಿದೆ.

ಬಳ್ಳಾರಿ ಜಾಲಿಯ ಕಟ್ಟಿಗೆ ಗಟ್ಟಿ ಮತ್ತು ಭಾರ. ಅದರ ಇದ್ದಿಲು ಬಹಳ ಹೊತ್ತು ಕಾವು ಹಿಡಿಯುತ್ತದೆ. ಇದ್ದಿಲು ಕೊಳ್ಳುವಾಗ ಈ ಅಂಶಗಳನ್ನು ಗಮನಿಸಬೇಕು:

1. ಮುರಿದರೆ ಟಣ್ ಎಂದು ಸದ್ದಾಗಿ ಒಳಗೆಲ್ಲ ಕಪ್ಪಾಗಿ ಹೊಳೆಯಬೇಕು. ಒಳಗೆ ಕಂದುಬಣ್ಣವಿದ್ದರೆ ಅದು ಅರೆಬೆಂದ ಇದ್ದಿಲು. ಅದು ದಟ್ಟ ಹೊಗೆ ಬಿಡುತ್ತದೆ.
2. ಪುಡಿ, ಮಣ್ಣು ಇರಬಾರದು. ಪುಡಿ ಕೆಳಜಾಲರಿಯ ಸಂದುಗಳನ್ನು ಮುಚ್ಚಿ ಗಾಳಿ ತಡೆಯುತ್ತದೆ.
3. ಒದ್ದೆಯಾಗಿರಬಾರದು. ಮಳೆಗಾಲದಲ್ಲಿ ಚೀಲವನ್ನು ನೆಲದಿಂದ ಎತ್ತರದಲ್ಲಿಡಬೇಕು.
4. ದೊಡ್ಡ ತುಂಡುಗಳನ್ನು 4-5 ಸೆಂ.ಮೀ. ಗಾತ್ರಕ್ಕೆ ಒಡೆದುಕೊಳ್ಳಬೇಕು.

ಇದ್ದಿಲು ಕೊಡುವುದು ಶಾಖವನ್ನು. ಹೊಗೆಯ ಪರಿಮಳಕ್ಕೆ ಬೇರೆಯಾಗಿ ಕಟ್ಟಿಗೆಯ ಚಕ್ಕೆ ಬೇಕು. ಬಳ್ಳಾರಿ ಜಾಲಿ, ಮಾವು, ಪೇರಲ, ಹುಣಸೆ ಇವು ಆಗುತ್ತವೆ. ಕಡಿದ ಮೇಲೆ ಮೂರು ನಾಲ್ಕು ತಿಂಗಳು ನೆರಳಿನಲ್ಲಿ ಒಣಗಿರಬೇಕು. ತೊಗಟೆ ತೆಗೆದು ಮುಷ್ಟಿಗಾತ್ರದ ತುಂಡುಗಳನ್ನು ಮಾಡಿಕೊಳ್ಳಬೇಕು. ಜಾಲಿಯ ಹೊಗೆ ಖಾರ. ಆದ್ದರಿಂದ ಎರಡು ಕಿ.ಗ್ರಾಂ. ಮಾಂಸಕ್ಕೆ ಎರಡು ಮೂರು ತುಂಡು, ಅಂದರೆ 150-200 ಗ್ರಾಂ ಮೀರಬಾರದು. ಜಾಲಿಯ ಮುಳ್ಳು ಚುಚ್ಚಿದ ಗಾಯ ಬೇಗ ಕೀವಾಗುವುದರಿಂದ ಕಡಿಯುವಾಗ ಕೈಗೆ ಗವಸು, ಕಾಲಿಗೆ ಗಟ್ಟಿ ಚಪ್ಪಲಿ ಇರಲಿ.

ಬೇವು, ನೀಲಗಿರಿ ಬೇಡ. ಹೊಗೆ ಕಹಿಯಾಗುತ್ತದೆ. ಕಣಗಿಲೆ, ಎಕ್ಕ ವಿಷದ ಗಿಡಗಳು. ಇವನ್ನು ಒಲೆಯ ಹತ್ತಿರವೂ ತರಬಾರದು. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ಡು ಬೇಡ. ನಮ್ಮಲ್ಲಿ ಹತ್ತಿಕಟ್ಟಿಗೆ ಒಲೆಗೆ ಉರುವಲಾಗಿ ಬಳಕೆಯಲ್ಲಿದೆ. ಹತ್ತಿಗೆ ಪದೇಪದೇ ಔಷಧಿ ಸಿಂಪಡಿಸಿರುವುದರಿಂದ ಮಾಂಸಕ್ಕೆ ಹೊಗೆ ಹಾಕಲು ಅದು ಸಲ್ಲದು.

ಮಾಂಸದ ತಯಾರಿ

ನಿಧಾನವಾಗಿ ಬೇಯಿಸಲು ಕುರಿಯ ಮುಂಗಾಲು ಹೆಗಲಿನ ಭಾಗದೊಂದಿಗೆ ಬಲು ಉತ್ತಮ. ಅಲ್ಲಿ ನಾರು, ನೆಣ ಎರಡೂ ಇವೆ. ನಿಧಾನ ಶಾಖಕ್ಕೆ ನಾರು ಕರಗಿ ಅಂಟಾಗಿ, ಮಾಂಸ ಮೂಳೆಯಿಂದ ತಾನಾಗಿ ಬಿಡುತ್ತದೆ. ಎರಡು ಕಿ.ಗ್ರಾಂ.ನಷ್ಟು ತುಂಡು ಅನುಕೂಲ. ಮೇಲಿನ ದಪ್ಪ ನೆಣವನ್ನು ಅರ್ಧ ಸೆಂ.ಮೀ.ಗೆ ಇಳಿಸಬೇಕು.

ಒಂದು ಕಿ.ಗ್ರಾಂ. ಮಾಂಸಕ್ಕೆ ಉಪ್ಪು 15 ಗ್ರಾಂ, ಬ್ಯಾಡಗಿ ಮೆಣಸಿನ ಪುಡಿ 10 ಗ್ರಾಂ, ಕೊತ್ತಂಬರಿ ಪುಡಿ 5 ಗ್ರಾಂ, ಜೀರಿಗೆ ಪುಡಿ 5 ಗ್ರಾಂ, ಸ್ವಲ್ಪ ಅರಿಸಿನ, ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಎಲ್ಲ ಕಡೆ ತಿಕ್ಕಬೇಕು. ಫ್ರಿಜ್ಜು ಇದ್ದವರು ಹಿಂದಿನ ರಾತ್ರಿಯೇ ಹಚ್ಚಿ ಒಳಗಿಡಬಹುದು. ಇಲ್ಲದವರು ಬೆಳಿಗ್ಗೆ ಕಡಿದ ಮಾಂಸಕ್ಕೆ ಕೂಡಲೇ ಹಚ್ಚಿ ಒಲೆಗೇರಿಸಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಶಾಖ 40 ಡಿಗ್ರಿ ಸೆಂ. ದಾಟುತ್ತದೆ. ಅಂತಹ ದಿನ ಹಸಿಮಾಂಸ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಹಸಿಮಾಂಸ ಮುಟ್ಟಿದ ಚಾಕು, ತಟ್ಟೆ, ಕೈಗಳನ್ನು ಸಾಬೂನಿನಿಂದ ತೊಳೆಯದೆ ಬೆಂದ ಮಾಂಸ ಮುಟ್ಟಬಾರದು.

ಒಲೆ ಹೊತ್ತಿಸುವ ಕ್ರಮ

ಸೀಮೆಎಣ್ಣೆ, ಪೆಟ್ರೋಲು ಸುರಿದು ಹೊತ್ತಿಸಬಾರದು. ಅದರ ವಾಸನೆ ಮಾಂಸಕ್ಕೆ ಹತ್ತುತ್ತದೆ, ಕೈ ಮುಖ ಸುಡುವ ಅಪಾಯವೂ ಇದೆ. ಅಡಿಗೆ ಎಣ್ಣೆಯ ಖಾಲಿ ಡಬ್ಬಿಯ ಎರಡೂ ಬದಿ ಕತ್ತರಿಸಿ, ಕೆಳಗಿನ ಸುತ್ತ ತೂತು ಕೊರೆದು, ತಳದಿಂದ ನಾಲ್ಕು ಬೆರಳು ಮೇಲೆ ತಂತಿ ಅಡ್ಡಕಟ್ಟಿದರೆ ಒಳ್ಳೆಯ ಹೊತ್ತಿಸುವ ಡಬ್ಬಿಯಾಗುತ್ತದೆ. ತಂತಿಯ ಮೇಲೆ ಇದ್ದಿಲು, ಕೆಳಗೆ ಕಾಗದ ಅಥವಾ ತೆಂಗಿನ ನಾರು ಇಟ್ಟು ಹೊತ್ತಿಸಿದರೆ 15 ನಿಮಿಷದಲ್ಲಿ ಕೆಂಡವಾಗುತ್ತದೆ.

1. ಕೆಳಜಾಲರಿಯ ಒಂದು ಬದಿಗೆ ಮಾತ್ರ ಸುಮಾರು 2 ಕಿ.ಗ್ರಾಂ. ಹೊತ್ತದ ಇದ್ದಿಲನ್ನು ದಿಬ್ಬದಂತೆ ರಾಶಿ ಹಾಕಬೇಕು. ಚಕ್ಕೆಯ ತುಂಡುಗಳನ್ನು ರಾಶಿಯ ನಡುವೆ ಅಲ್ಲಲ್ಲಿ ಹುದುಗಿಸಬೇಕು.
2. ಇನ್ನೊಂದು ಬದಿಗೆ ಒಂದೂವರೆ ಲೀಟರ್ ಬಿಸಿನೀರು ಇರುವ ತಟ್ಟೆ ಇಡಬೇಕು. ಈ ನೀರು ಶಾಖದ ಏರಿಳಿತವನ್ನು ತಡೆಯುತ್ತದೆ, ತೊಟ್ಟಿಕ್ಕುವ ನೆಣವನ್ನು ಹಿಡಿಯುತ್ತದೆ.
3. ಪೂರ್ತಿ ಬೂದಿಬಣ್ಣಕ್ಕೆ ತಿರುಗಿದ 10-12 ಕೆಂಡಗಳನ್ನು ರಾಶಿಯ ಒಂದು ತುದಿಯ ಮೇಲೆ ಇಡಬೇಕು. ಬೆಂಕಿ ಆ ತುದಿಯಿಂದ ಮೆಲ್ಲಗೆ ಮುಂದಕ್ಕೆ ಸಾಗುತ್ತದೆ.
4. ಮೇಲುಜಾಲರಿ ಇಟ್ಟು ಮುಚ್ಚಳ ಹಾಕಬೇಕು. ಮುಚ್ಚಳದ ಕಿಂಡಿ ಕೆಂಡದ ಮೇಲೆ ಬಾರದೆ, ಮಾಂಸ ಇಡುವ ಬದಿಗೆ ಬರಬೇಕು. ಆಗ ಹೊಗೆ ಮಾಂಸವನ್ನು ಹಾದೇ ಹೊರಗೆ ಹೋಗುತ್ತದೆ.
5. ಮೊದಲು ಎರಡೂ ಕಿಂಡಿಗಳು ಪೂರ್ತಿ ತೆರೆದಿರಲಿ. ಒಳಗಿನ ಶಾಖ 100 ಡಿಗ್ರಿ ಸೆಂ. ಹತ್ತಿರ ಬಂದಾಗ ತಳದ ಕಿಂಡಿಯನ್ನು ಕಾಲು ಭಾಗಕ್ಕೆ ಇಳಿಸಬೇಕು. 110ರಿಂದ 120 ಡಿಗ್ರಿಯೊಳಗೆ ನಿಂತರೆ ಸರಿಯಾದ ಶಾಖ.
6. ಮೇಲಿನ ಕಿಂಡಿಯನ್ನು ಯಾವಾಗಲೂ ತೆರೆದೇ ಇಡಬೇಕು. ಅದನ್ನು ಮುಚ್ಚಿದರೆ ಹೊಗೆ ಒಳಗೇ ನಿಂತು ಮಾಂಸದ ಮೇಲೆ ಡಾಂಬರಿನಂತೆ ಕೂಡುತ್ತದೆ.

ಶಾಖ ಹೆಚ್ಚಾದಾಗ ಮುಚ್ಚಳ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಮುಚ್ಚಳ ತೆಗೆದ ಕೂಡಲೇ ಗಾಳಿ ನುಗ್ಗಿ ಕೆಂಡ ಇನ್ನೂ ಕೆರಳುತ್ತದೆ. ಏನೇ ಇದ್ದರೂ ತಳದ ಕಿಂಡಿಯಿಂದಲೇ ಸರಿಪಡಿಸಬೇಕು. ಒಂದು ಸಲ ಬದಲಿಸಿದ ಮೇಲೆ 15 ನಿಮಿಷ ಕಾಯಬೇಕು. ಉರಿಬಿಸಿಲಿನಲ್ಲಿ ಕಪ್ಪು ಮುಚ್ಚಳವೇ ಕಾಯುವುದರಿಂದ ಕಿಂಡಿ ಇನ್ನೂ ಕಿರಿದಾಗಿದ್ದರೂ ಸಾಕು. ಒಣಹವೆಯಲ್ಲಿ ತಟ್ಟೆಯ ನೀರು ಬೇಗ ಆರುತ್ತದೆ, ನೋಡಿಕೊಂಡು ಬಿಸಿನೀರು ತುಂಬಬೇಕು.

ಹೊಗೆಯ ಗುರುತು

ಕಟ್ಟಿಗೆಗೆ ಸರಿಯಾದ ಶಾಖ, ಸಾಕಷ್ಟು ಗಾಳಿ ಸಿಕ್ಕಾಗ ಬರುವ ಹೊಗೆ ತೆಳ್ಳಗೆ, ನಸುನೀಲಿಯಾಗಿ, ಕಂಡೂ ಕಾಣದಂತಿರುತ್ತದೆ. ಇದು ಒಳ್ಳೆಯ ಹೊಗೆ. ಗಾಳಿ ಸಾಲದಾದಾಗ ಅಥವಾ ಕಟ್ಟಿಗೆ ಹಸಿಯಾಗಿದ್ದಾಗ ದಟ್ಟವಾದ ಬಿಳಿ ಇಲ್ಲವೆ ಹಳದಿ ಹೊಗೆ ಬರುತ್ತದೆ. ಅದು ಮಾಂಸವನ್ನು ಕಹಿ ಮಾಡುತ್ತದೆ. ಆದ್ದರಿಂದ ಮೊದಲ ದಟ್ಟ ಹೊಗೆ ಕಳೆದು ತಿಳಿಯಾದ ಮೇಲೆಯೇ ಮಾಂಸ ಇಡಬೇಕು. ಹೆಚ್ಚು ಹೊಗೆ ಕಂಡರೆ ಹೆಚ್ಚು ರುಚಿ ಎಂದು ತಿಳಿಯಬಾರದು. ಮಾಂಸದ ಮೈ ತಂಪಾಗಿ ಹಸಿಯಾಗಿರುವ ಮೊದಲ ಎರಡು ಗಂಟೆಗಳಲ್ಲೇ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಚಕ್ಕೆ ಹಾಕುವ ಅಗತ್ಯವಿಲ್ಲ.

ನೆಣ ನೇರವಾಗಿ ಕೆಂಡದ ಮೇಲೆ ಬಿದ್ದು ಸುಟ್ಟಾಗ ಬರುವ ಹೊಗೆಯಲ್ಲಿ ಬೆಂಜೊಪೈರೀನ್ ಮುಂತಾದ, ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ. ಮಾಂಸವನ್ನು ಕೆಂಡದ ಮೇಲಿಡದೆ ನೀರಿನ ತಟ್ಟೆಯ ಮೇಲಿಡುವುದಕ್ಕೆ ಇದೂ ಒಂದು ಕಾರಣ. ಹೊಗೆ ಹಾಕಿದ ಮಾಂಸ ಅಪರೂಪದ ಊಟವಾಗಿರಲಿ, ದಿನದ ಊಟವಾಗಬಾರದು.

ಎರಡು ಕಿ.ಗ್ರಾಂ. ಮುಂಗಾಲಿಗೆ ಒಂದು ದಿನದ ಕೆಲಸ

ಬೆಳಿಗ್ಗೆ 7.00: ಡಬ್ಬಿಯಲ್ಲಿ ಇದ್ದಿಲು ಹೊತ್ತಿಸುವುದು, ಮಸಾಲೆ ಹಚ್ಚುವುದು.
7.30: ಕೆಂಡ ಇಟ್ಟು ಮುಚ್ಚಳ ಹಾಕುವುದು.
8.00: ಹೊಗೆ ತಿಳಿಯಾದ ಮೇಲೆ ಮಾಂಸ ಇಡುವುದು.
10.00: ಮಾಂಸದ ಮಗ್ಗುಲು ಬದಲಿಸುವುದು, ನೀರು ನೋಡುವುದು.
11.30: ಮೈ ಕೆಂಪುಗಂದಾದಾಗ ಅಲ್ಯೂಮಿನಿಯಂ ಹಾಳೆ ಅಥವಾ ಬಾಡಿಸಿದ ಬಾಳೆ ಎಲೆಯ ಮೂರು ನಾಲ್ಕು ಪದರಗಳಲ್ಲಿ ಸುತ್ತಿ ಮತ್ತೆ ಇಡುವುದು.
ಮಧ್ಯಾಹ್ನ 1.30ರಿಂದ 2.00: ಒಳಶಾಖ ನೋಡುವುದು. 90 ಡಿಗ್ರಿ ಸೆಂ. ದಾಟಿದ್ದರೆ ಇಳಿಸುವುದು.
ಅರ್ಧ ಗಂಟೆ ಸುತ್ತಿದಂತೆಯೇ ಬಿಟ್ಟು, ಬಿಡಿಸಿ ಜೋಳದ ರೊಟ್ಟಿಯೊಂದಿಗೆ ಬಡಿಸುವುದು.

ಗಡಿಯಾರಕ್ಕಿಂತ ಉಷ್ಣಮಾಪಕವನ್ನು ನಂಬಬೇಕು. ಮಾಂಸಕ್ಕೆ ಚುಚ್ಚಿ ನೋಡುವ ಉಷ್ಣಮಾಪಕಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಮೂಳೆಗೆ ತಾಗದಂತೆ ದಪ್ಪ ಭಾಗದ ನಡುವಿಗೆ ಚುಚ್ಚಬೇಕು. ಕುರಿ, ಆಡಿನ ಮಾಂಸ ಕನಿಷ್ಠ 71 ಡಿಗ್ರಿ, ಕೋಳಿ ಕನಿಷ್ಠ 74 ಡಿಗ್ರಿ ಸೆಂ. ಮುಟ್ಟಲೇಬೇಕು. ಮುಂಗಾಲು ಮೆತ್ತಗಾಗಬೇಕಾದರೆ 90 ಡಿಗ್ರಿಯವರೆಗೆ ಹೋಗಬೇಕು. ಕೋಳಿಗೆ ಒಲೆಯ ಶಾಖ 140-150 ಡಿಗ್ರಿ ಇರಲಿ. ಇಲ್ಲದಿದ್ದರೆ ಚರ್ಮ ರಬ್ಬರಿನಂತಾಗುತ್ತದೆ.

ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹೊಗೆ ಹಾಕಿದ ಮಾಂಸ ಎಷ್ಟು ದಿನ ಇಡಬಹುದು?
ಉತ್ತರ: ಇಲ್ಲಿ ಹೇಳಿದ ವಿಧಾನದಿಂದ ಮಾಂಸ ಬೇಯುತ್ತದೆ, ರುಚಿ ಬರುತ್ತದೆ, ಆದರೆ ಕೆಡದಂತೆ ಉಳಿಯುವುದಿಲ್ಲ. ಬಹುಕಾಲ ಉಳಿಯಬೇಕಾದರೆ ಹೆಚ್ಚು ಉಪ್ಪು ಹಿಡಿಸಿ ನೀರಿನಂಶ ಪೂರ್ತಿ ಒಣಗಿಸಬೇಕು. ಅದು ಬೇರೆಯ ವಿಧಾನ. ಈ ಮಾಂಸವನ್ನು ಬೇಯಿಸಿದ ಎರಡು ಗಂಟೆಯೊಳಗೆ, ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ತಿನ್ನಬೇಕು ಅಥವಾ ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಮತ್ತೆ ತಿನ್ನುವಾಗ ಹಬೆಯಾಡುವಷ್ಟು ಬಿಸಿಮಾಡಬೇಕು.

ಪ್ರಶ್ನೆ: ಒಳಗೆ ಕೆಂಪುಪಟ್ಟಿ ಕಾಣುತ್ತದೆ. ಬೆಂದಿಲ್ಲವೆ?
ಉತ್ತರ: ಮೈಯಿಂದ ಒಳಕ್ಕೆ ಅರ್ಧ ಸೆಂ.ಮೀ.ನಷ್ಟು ಗುಲಾಬಿಬಣ್ಣ ಹೊಗೆಯ ಅನಿಲಗಳಿಂದ ಬರುತ್ತದೆ, ದೋಷವಲ್ಲ. ಆದರೆ ಬಣ್ಣ ನೋಡಿ ಬೆಂದಿದೆಯೆಂದೂ ಬೆಂದಿಲ್ಲವೆಂದೂ ಹೇಳಲಾಗದು. ಉಷ್ಣಮಾಪಕವೇ ಸಾಕ್ಷಿ.

ಪ್ರಶ್ನೆ: ಎರಡು ತಾಸು ಕಳೆದರೂ ಒಳಶಾಖ 70 ಡಿಗ್ರಿ ಬಳಿಯೇ ನಿಂತಿದೆ. ಇದ್ದಿಲು ಸೇರಿಸಬೇಕೆ?
ಉತ್ತರ: ಒಲೆಯ ಶಾಖ ಸರಿಯಿದ್ದರೆ ಬೇಡ. ಮೈಮೇಲಿನ ನೀರು ಆವಿಯಾಗುತ್ತ ಮಾಂಸವನ್ನು ತಂಪಿಡುತ್ತದೆ, ಮಣ್ಣಿನ ಬಿಂದಿಗೆಯ ನೀರು ತಣ್ಣಗಾದಂತೆ. ಹಾಳೆಯಲ್ಲಿ ಸುತ್ತಿದರೆ ಮುಂದುವರಿಯುತ್ತದೆ.

ಪ್ರಶ್ನೆ: ಚಕ್ಕೆಗಳನ್ನು ನೀರಿನಲ್ಲಿ ನೆನೆಸಬೇಕೆ?
ಉತ್ತರ: ಬೇಡ. ನೀರು ಕಟ್ಟಿಗೆಯೊಳಗೆ ಹೆಚ್ಚು ಇಳಿಯುವುದಿಲ್ಲ. ಮೊದಲು ಆವಿ, ಆಮೇಲೆ ಬಿಳಿಹೊಗೆ ಬರುತ್ತದೆ ಅಷ್ಟೆ.

ಪ್ರಶ್ನೆ: ಮಾರಾಟ ಮಾಡಬಹುದೆ?
ಉತ್ತರ: ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಮಾಂಸವೂ ಪರವಾನಗಿ ಇರುವ ಕಡೆ ಕಡಿದದ್ದಾಗಿರಬೇಕು. ರೋಗದಿಂದ ಸತ್ತ ಕುರಿಯ ಮಾಂಸವನ್ನು ಮಾರುವುದಿರಲಿ, ಮನೆಯಲ್ಲೂ ಬಳಸಕೂಡದು. ಹೊಗೆ ಹಾಕಿದರೆ ರೋಗ ಹೋಗುತ್ತದೆ ಎಂಬುದು ತಪ್ಪು. ನೆರಡಿ ರೋಗದಿಂದ ಸತ್ತ ಕುರಿಯನ್ನು ಕೊಯ್ಯುವುದೇ ಮನುಷ್ಯರ ಪ್ರಾಣಕ್ಕೆ ಅಪಾಯ.

ಕೆಲಸ ಮುಗಿದ ಮೇಲೆ

ಎರಡೂ ಕಿಂಡಿಗಳನ್ನು ಮುಚ್ಚಿದರೆ ಗಾಳಿಯಿಲ್ಲದೆ ಕೆಂಡ ಆರುತ್ತದೆ. ಉಳಿದ ಇದ್ದಿಲನ್ನು ಮತ್ತೊಮ್ಮೆ ಬಳಸಬಹುದು. ನೀರು ಸುರಿಯಬಾರದು, ಬಿಸಿಯಾದ ತಗಡು ಡೊಂಕಾಗುತ್ತದೆ. ಬೂದಿಯನ್ನು ಮರುದಿನದ ತನಕ ಮುಟ್ಟಬಾರದು. ಮೇಲೆ ತಣ್ಣಗೆ ಕಂಡರೂ ಒಳಗೆ ಕಿಡಿಯಿರುತ್ತದೆ. ತಿಪ್ಪೆಗೆ ಎಸೆದ ಬಿಸಿಬೂದಿಯಿಂದ ಬಣವೆಗೆ ಬೆಂಕಿ ಹತ್ತಬಹುದು.

ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶವಿದೆ. ಆದರೆ ಅದು ಕ್ಷಾರಗುಣದ್ದು. ಸಿರುಗುಪ್ಪ, ಕುರುಗೋಡು ಕಡೆಯ ನೀರಾವರಿ ಕಪ್ಪು ಭೂಮಿಯಲ್ಲಿ ಸವಳು, ಕರಲು ಮೊದಲೇ ಇರುವಲ್ಲಿ ಬೂದಿ ಹಾಕುವುದು ಗಾಯಕ್ಕೆ ಉಪ್ಪು ಹಚ್ಚಿದಂತೆ. ಕೆಂಪು ಮಣ್ಣಿನ ತೆಂಗು, ಬಾಳೆಯ ಪಾತಿಗಳಿಗೆ ತೆಳುವಾಗಿ ಉದುರಿಸಬಹುದು.

ಮುಖ್ಯವಾಗಿ ನೆನಪಿಡಬೇಕಾದ ಅಂಶಗಳು

1. ಒಲೆ ಬಯಲಿನಲ್ಲಿರಲಿ, ಮನೆಯೊಳಗೆ ಬೇಡ.
2. ಕೆಂಡ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ, ನಡುವೆ ಉರಿ ಏಳಬಾರದು.
3. ತಳದ ಕಿಂಡಿಯಿಂದ ಶಾಖ ಹಿಡಿಯಬೇಕು. ಮೇಲಿನ ಕಿಂಡಿ ತೆರೆದೇ ಇರಬೇಕು.
4. ಒಣಗಿದ ಕಟ್ಟಿಗೆ ಸ್ವಲ್ಪ, ಹೊಗೆ ತೆಳುವಾಗಿ.
5. ಒಳಶಾಖ ಅಳೆಯದೆ ಯಾರಿಗೂ ಬಡಿಸಬಾರದು.
6. ಹೊಗೆ ರುಚಿ ಕೊಡುತ್ತದೆ, ಕಾಪಾಡುವುದಿಲ್ಲ. ಉಳಿದದ್ದು ಕೂಡಲೇ ಫ್ರಿಜ್ಜಿಗೆ ಹೋಗಬೇಕು.

ಕುರಿಯ ಆರೋಗ್ಯ, ಲಸಿಕೆ ಮತ್ತು ಮಾಂಸದ ಸುರಕ್ಷತೆಯ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಪಶು ಆಸ್ಪತ್ರೆಯನ್ನಾಗಲಿ, ಹಗರಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಿ ತಿಳಿದುಕೊಳ್ಳಬೇಕು. ಮೊದಲ ಸಲ ಒಂದು ಸಣ್ಣ ತುಂಡಿನಿಂದ ಅಭ್ಯಾಸ ಮಾಡಿ, ಒಲೆಯ ಸ್ವಭಾವ ತಿಳಿದ ಮೇಲೆ ಹಬ್ಬದ ಅಡಿಗೆಗೆ ಕೈಹಾಕುವುದು ಲೇಸು.